ಹಿಮ ದೂರ, ಬಂಡೆ ಹತ್ತಿರ

ಸಾಹಸ ಕ್ರೀಡೆ ಎಂದರೆ ಗದಗ-ಬೆಟಗೇರಿಯವರ ಕಣ್ಣು ಮೊದಲು ಹೋಗುವುದು ಕಪ್ಪತಗುಡ್ಡಕ್ಕೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹಬ್ಬಿದ ಸಾಲು, ಸಹಜವೇ. ಆದರೆ ಅದು ಹಗ್ಗ ಕಟ್ಟಿ ಏರುವ ಗುಡ್ಡವಲ್ಲ. ಹುಲ್ಲು, ಕುರುಚಲು, ಔಷಧಿ ಗಿಡ, ಬಿಡದೆ ಬೀಸುವ ಗಾಳಿಯ ಜಾಗವದು. 2019ರಲ್ಲಿ ವನ್ಯಜೀವಿ ಧಾಮವಾದ ಅಲ್ಲಿ ಬೋಲ್ಟು ಬಡಿಯುವ ಆಸೆ ಬಿಡುವುದೇ ಲೇಸು.

ಏರುವ ಕಲ್ಲು ಬೇಕಿದ್ದರೆ ಗದಗಿನಲ್ಲಿ ರೈಲು ಹತ್ತಿದರಾಯಿತು, ಹೊಳೆಆಲೂರು ದಾಟಿದರೆ ಬಾದಾಮಿ. ಅಲ್ಲಿನ ಕೆಂಪು ಮರಳುಗಲ್ಲಿನ ಗೋಡೆಗಳನ್ನು ಹುಡುಕಿಕೊಂಡು ಯುರೋಪಿನವರೂ ಬರುತ್ತಾರೆ. ಫ್ರಾನ್ಸಿನ ಅಲೆಕ್ಸಾಂಡ್ರ್ ಶಾಬೊ ಏರಿದ ‘ಗಣೇಶ’ ದೇಶದ ಕಡುಕಷ್ಟದ ದಾರಿಗಳಲ್ಲೊಂದು. ಬನಶಂಕರಿ ಜಾತ್ರೆಗೆ ಹೋಗುವ ಲಕ್ಷ್ಮೇಶ್ವರದ ಹುಡುಗರು ಈ ಗೋಡೆಗಳನ್ನು ನೋಡಿರುತ್ತಾರೆ, ಮುಟ್ಟಿರುವುದಿಲ್ಲ.

ಈ ಬಂಡೆ ಏರುವುದಕ್ಕೂ ಹಿಮಾಲಯಕ್ಕೂ ಏನು ನಂಟು?

ಎತ್ತರದ ಕಠಿಣ ದಾರಿಗಳಲ್ಲಿ ಉದ್ದಕ್ಕೂ ಹಿಮವೇ ಇರುವುದು ಕಡಿಮೆ. ಬಂಡೆಯ ಮೇಲೆ ಮಂಜುಗಡ್ಡೆ ತೆಳ್ಳಗೆ ಅಂಟಿರುತ್ತದೆ. ನಾಲ್ಕು ಮಾರು ಏರುವಷ್ಟರಲ್ಲಿ ಬರಿಗಲ್ಲು. ಅಲ್ಲಿ ಐಸ್ ಆಕ್ಸ್ ಬೀಸಿ ಪ್ರಯೋಜನವಿಲ್ಲ. ಅದರ ಮೂತಿಯನ್ನು ಅರ್ಧ ಬೆರಳಗಲದ ಅಂಚಿಗೆ ಸಿಕ್ಕಿಸಿ, ಹಿಡಿಕೆಯನ್ನು ನೇರ ಕೆಳಕ್ಕೇ ಎಳೆಯಬೇಕು. ಹೊರಕ್ಕೆ ಜಗ್ಗಿದರೆ ಜಾರಿತೆಂದೇ ಲೆಕ್ಕ. ಬೂಟಿಗೆ ಕಟ್ಟಿದ ಕ್ರಾಂಪಾನಿನ ಮುಂದಿನ ಹಲ್ಲುಗಳು ಕಲ್ಲಿನ ಮೇಲೆ ಕಿರ್ರೆನ್ನುತ್ತವೆ. ಹಿಮ್ಮಡಿ ಅಲುಗಿದರೂ ಕೆಟ್ಟಿತು. ಕಾಲನ್ನು ನಂಬುವುದು, ಹಗ್ಗ ಹಿಡಿಯುವುದು, ಗಂಟು ಹಾಕುವುದು ಇವೆಲ್ಲ ಬಂಡೆಯಲ್ಲೇ ಕಲಿಯುವಂಥವು.

ಹಾಗೆಂದು ಬಂಡೆಯೊಂದೇ ಸಾಲದು. 1938ರ ಜುಲೈನಲ್ಲಿ ನಾಲ್ವರು ಆಲ್ಪ್ಸ್‌ನ ಐಗರ್ ಪರ್ವತದ ಉತ್ತರದ ಗೋಡೆಯನ್ನು ಮೊದಲ ಬಾರಿಗೆ ಏರಿದರು. ಅದು ಕಲ್ಲುಗೋಡೆಯೆಂದು ಬಗೆದು ಅವರಲ್ಲೊಬ್ಬರಾದ ಹೈನ್ರಿಷ್ ಹಾರೆರ್ ಕ್ರಾಂಪಾನ್ ಇಲ್ಲದೆಯೇ ಹೋಗಿದ್ದರು. 12 ಹಲ್ಲಿನ ಕ್ರಾಂಪಾನ್ ಕಟ್ಟಿದ್ದ ಆಂಡರ್ಲ್ ಹೆಕ್‌ಮೇರ್ ಮುಂದೆ ಸಾಗಿ ದಾರಿ ಮಾಡಿದರು.

ಹಿಮದ ಪಾಠವೂ ಬೇಕು, ಆದರೆ ಈ ಸೀಮೆಯ ಹುಡುಗರಲ್ಲಿ ಬಹಳಷ್ಟು ಮಂದಿ ಹಿಮ ಕಾಣುವುದೇ ಸೈನ್ಯ ಸೇರಿದ ಮೇಲೆ. ಪಕ್ಕದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19 ಸಾವಿರ ಅಡಿಗೂ ಮೇಲೆ ಹಿಮದಡಿ ಸಿಲುಕಿ, ಆರು ದಿನಗಳ ಮೇಲೂ ಉಸಿರಾಡುತ್ತ ಸಿಕ್ಕರು. ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂಥ ಹಿಮಕುಸಿತದೆದುರು ಯಾವ ತರಬೇತಿಯೂ ನಿಲ್ಲದು, ನಿಜ. ಆದರೆ ಊರು ಅವರನ್ನು ನೆನೆಯುವುದರಲ್ಲಿ ಒಂದು ಪಾಲನ್ನು ಮುಂದೆ ಬೆಟ್ಟ ಏರಬಯಸುವವರಿಗೂ ಮೀಸಲಿಡಬಹುದು.

ಅವರ ತರಬೇತಿಗೆ ಹೊಸ ಕಟ್ಟಡ ಬೇಕಿಲ್ಲ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ 28 ದಿನಗಳ ಬೇಸಿಕ್ ಕೋರ್ಸ್ ಕೂಡ ಬಂಡೆಯ ಪಾಠ ಮುಗಿಸಿಯೇ ಹಿಮಕ್ಕೆ ಕರೆದೊಯ್ಯುತ್ತದೆ. ಜಿಲ್ಲಾಡಳಿತ ವರ್ಷಕ್ಕೊಂದು ತಂಡವನ್ನು ಬಾದಾಮಿಗೆ ಕಳಿಸಿ, ಪಳಗಿದವರ ಉತ್ತರಕಾಶಿಯ ಶುಲ್ಕ ಭರಿಸಲಿ. ಬಾದಾಮಿಗೆ ಕಳಿಸುವುದು ಮಾತ್ರ ಚಳಿಗಾಲದಲ್ಲಿ. ಮಳೆಗೆ ನೆಂದ ಮರಳುಗಲ್ಲು ಹಿಡಿದ ಕೈಯಲ್ಲೇ ಮುರಿದು ಬರುತ್ತದೆ.