ಮನೆಯ ಶುಚಿ, ಹೊಳೆಯ ಕೊಳೆ

ನಂಜನಗೂಡಿನಿಂದ ಚಾಮರಾಜನಗರಕ್ಕೆ ಸಾಗುವ ರೈಲುಮಾರ್ಗದ ಮೇಲಿರುವ ಬದನವಾಳು ಗ್ರಾಮವು ಹೊರಜಗತ್ತಿಗೆ ಪರಿಚಿತವಾದುದು ಖಾದಿಯಿಂದ. 1927ರಲ್ಲಿ ಅಲ್ಲಿ ಸ್ಥಾಪಿತವಾದ ಖಾದಿ ಕೇಂದ್ರಕ್ಕೆ ಮಹಾತ್ಮ ಗಾಂಧಿಯವರು ಭೇಟಿಯಿತ್ತುದನ್ನು ಆ ಸೀಮೆಯ ಹಿರಿಯರು ಅಭಿಮಾನದಿಂದ ಸ್ಮರಿಸುತ್ತ ಬಂದಿದ್ದಾರೆ. ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ನೂತ ನೂಲು ಅಲ್ಲಿಯ ಮಗ್ಗಗಳಲ್ಲಿ ಬಟ್ಟೆಯಾಗಿ ಅನೇಕ ಸಂಸಾರಗಳನ್ನು ಪೊರೆಯಿತು. ಕಾಲಾಂತರದಲ್ಲಿ ಕೇಂದ್ರವು ಸೊರಗಿತು, ಕಟ್ಟಡಗಳು ಶಿಥಿಲವಾದವು. ಆ ಶಿಥಿಲ ಕಟ್ಟಡಗಳ ನಡುವೆಯೇ 2015ರ ಏಪ್ರಿಲ್ 19ರಂದು, ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹದ ಸಮಾವೇಶವೊಂದು ನೆರೆದು, ಕೈದುಡಿಮೆಯ ಪರವಾಗಿ ಮತ್ತೊಮ್ಮೆ ದನಿಯೆತ್ತಿತು.

ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆ ಶ್ರೇಷ್ಠವೆಂಬ ಮಾತನ್ನು ಈಗ ಅಲ್ಲಗಳೆಯುವವರು ವಿರಳ. ಆದರೆ ಅದೇ ಖಾದಿ ಪಂಚೆಯು ಮೈಲಿಗೆಯಾದ ಮೇಲೆ ಯಾವುದರಿಂದ ಒಗೆಯಲ್ಪಡುತ್ತದೆ, ಒಗೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರೂ ಅಷ್ಟೇ ವಿರಳ. ಪೆಟ್ಟಿಗೆಯಂಗಡಿಯ ಮುಂದೆ ತೋರಣದಂತೆ ತೂಗುವ ಪುಡಿಯ ಪೊಟ್ಟಣವೊಂದು ಹರಿಯುತ್ತದೆ, ಬಕೆಟ್ಟಿನಲ್ಲಿ ನೊರೆ ಉಕ್ಕುತ್ತದೆ, ಬಚ್ಚಲಿನ ತೂಬಿನಲ್ಲಿ ನೊರೆ ಕಣ್ಮರೆಯಾಗುತ್ತದೆ. ಮನೆಯವರ ಮಟ್ಟಿಗೆ ಅಲ್ಲಿಗೆ ಶುಚಿಯ ಕಾರ್ಯ ಮುಗಿಯಿತು. ಊರಿನ ಚರಂಡಿಯ ಮಟ್ಟಿಗೆ, ತಗ್ಗಿನ ಕೆರೆಯ ಮಟ್ಟಿಗೆ, ಹೊಳೆಯ ಮಟ್ಟಿಗೆ ಅದು ಆಗತಾನೇ ಪ್ರಾರಂಭವಾಗಿರುತ್ತದೆ.

ಎರಡು ತಲೆಮಾರಿನ ಹಿಂದೆ ಈ ಭಾಗದ ಮನೆಗಳಲ್ಲಿ ಮುಸುರೆ ಪಾತ್ರೆಗೆ ಒಲೆಯ ಬೂದಿ ಮತ್ತು ತೆಂಗಿನ ನಾರು, ಹಿತ್ತಾಳೆ ತಾಮ್ರಗಳಿಗೆ ಹುಣಿಸೆಹಣ್ಣು, ತಲೆಗೆ ಸೀಗೆಪುಡಿ, ರೇಷ್ಮೆ ಉಣ್ಣೆಗಳಿಗೆ ಅಂಟುವಾಳದ ಕಾಯಿ, ನೆಲಕ್ಕೆ ಸಗಣಿ, ಗೋಡೆಗೆ ಸುಣ್ಣ ಬಳಕೆಯಲ್ಲಿದ್ದುವು. ಮಡಿವಾಳರು ಸವಳು ಮಣ್ಣಿನಲ್ಲಿ ಅದ್ದಿದ ಬಟ್ಟೆಗಳನ್ನು ಉಬ್ಬೆಗೆ ಹಾಕಿ ಬೇಯಿಸಿ ಒಗೆಯುತ್ತಿದ್ದರು. ಇವೆಲ್ಲ ಕುರುಡು ರೂಢಿಗಳಲ್ಲ. ಸೌದೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವು ಪಾತ್ರೆಯ ಜಿಡ್ಡನ್ನು ಸಡಿಲಿಸುತ್ತದೆ. ಹುಣಿಸೆಯ ಆಮ್ಲ ಹಿತ್ತಾಳೆಯ ಕಿಲುಬನ್ನು ಕರಗಿಸುತ್ತದೆ. ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ಎಂಬ ವಸ್ತುವು ಸಾಬೂನಿನಂತೆಯೇ ನೀರಿನೊಡನೆ ಜಿಡ್ಡನ್ನು ಬೆರೆಸುತ್ತದೆ.

ಹಾಗೆಂದು ಹಳೆಯ ಕಾಲವನ್ನು ಕೊಂಡಾಡಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಬೂದಿಯಿಂದ ಉಜ್ಜಿ ಉಜ್ಜಿ ಒಡೆದ ಅಂಗೈಗಳು ಹೆಂಗಸರವು. ಉಬ್ಬೆಯ ಹಬೆಯಲ್ಲಿ ಬೆಂದು, ಚಳಿಗಾಲದ ಮುಂಜಾನೆ ಮೊಣಕಾಲು ನೀರಿನಲ್ಲಿ ನಿಂತು ಕಲ್ಲಿಗೆ ಬಟ್ಟೆ ಬಡಿದವರು ಮಡಿವಾಳರು. ಮಡಿವಾಳ ಮಾಚಿದೇವರ ಕಾಯಕವನ್ನು ವೇದಿಕೆಯ ಮೇಲೆ ಹೊಗಳುವ ಸಮಾಜವು ಒಗೆಯುವವನ ಬೆನ್ನುನೋವನ್ನು ಎಷ್ಟು ಹಂಚಿಕೊಂಡಿತೆಂಬುದು ಬೇರೆಯೇ ಮಾತು. 1959ರಲ್ಲಿ ಸರ್ಫ್ ಬಂದಾಗ ಅದು ಪಟ್ಟಣದ ಉಳ್ಳವರ ವಸ್ತುವಾಗಿತ್ತು. 1969ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ನಿರ್ಮಾ ಪುಡಿಯು ಅಗ್ಗದ ಬೆಲೆಯಿಂದ ಹಳ್ಳಿಯ ಬಚ್ಚಲನ್ನು ಹೊಕ್ಕಿತು. ಅದಕ್ಕೆ ಬಲವಾದ ಕಾರಣವೂ ಇದ್ದಿತು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಬಿಳಿಯ ಗಸಿಯಾಗಿ ಬಟ್ಟೆಗೆ ಅಂಟುತ್ತದೆ. ಮಾರ್ಜಕದ ಪುಡಿ ಅಂತಹ ನೀರಿನಲ್ಲಿಯೂ ಕೆಲಸ ಮಾಡುತ್ತದೆ. ಸುಲಭವಾದುದನ್ನು ಆರಿಸಿಕೊಂಡ ಗೃಹಿಣಿಯನ್ನು ದೂಷಿಸಲು, ಒಂದು ದಿನವೂ ಬಟ್ಟೆ ಒಗೆಯದ ಗಂಡಸಿಗೆ ಅಧಿಕಾರವಿಲ್ಲ.

ಆದರೂ ಆ ಸೌಕರ್ಯಕ್ಕೆ ತೆರುತ್ತಿರುವ ಬೆಲೆಯೆಷ್ಟೆಂಬುದನ್ನು ಮನಗಾಣಬೇಕು. ಮೊದಮೊದಲಿನ ಮಾರ್ಜಕಗಳು ನೀರಿನಲ್ಲಿ ಕೊಳೆತು ನಶಿಸುತ್ತಿರಲಿಲ್ಲ. ಯುರೋಪಿನ ನದಿಗಳ ಮೇಲೆ ನೊರೆಯ ಗುಡ್ಡಗಳೆದ್ದುದರಿಂದ ಪಶ್ಚಿಮ ಜರ್ಮನಿಯು 1961ರಲ್ಲಿ ಕಾನೂನು ಮಾಡಿ 1964ರಿಂದ ಅವುಗಳನ್ನು ತಡೆಯಿತು. ಅಮೆರಿಕದ ತಯಾರಕರು 1965ರಲ್ಲಿ ಬೇಗ ನಶಿಸುವ ಬಗೆಗೆ ಬದಲಾದರು. ಇನ್ನೊಂದು ತೊಂದರೆ ಫಾಸ್ಫೇಟಿನದು. ನೀರಿನ ಗಡಸನ್ನು ಕಳೆಯಲು ಪುಡಿಗೆ ಬೆರೆಸುವ ಈ ವಸ್ತು ಕೆರೆಯಲ್ಲಿ ಗೊಬ್ಬರವಾಗಿ ಪರಿಣಮಿಸುತ್ತದೆ. ಒಂದು ಗ್ರಾಂ ರಂಜಕ ಸುಮಾರು ನೂರು ಗ್ರಾಂ ಒಣ ತೂಕದ ಪಾಚಿಯನ್ನು ಬೆಳೆಸಬಲ್ಲುದು. ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಬಿಡುವುದರಿಂದ ಮೀನುಗಳು ಉಸಿರುಗಟ್ಟಿ ತೇಲುತ್ತವೆ. ಯುರೋಪ್ ಒಕ್ಕೂಟವು 2013ರಿಂದ ಬಟ್ಟೆಯ ಪುಡಿಗಳಲ್ಲಿ ಫಾಸ್ಫೇಟಿಗೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಇಷ್ಟು ದೂರದ ನಿದರ್ಶನ ಬೇಡವೆನ್ನುವವರಿಗೆ ಬೆಂಗಳೂರಿನ ಬೆಳ್ಳಂದೂರು ಕೆರೆಯೇ ಸಾಕು. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿ ವಾಹನಗಳ ಮೇಲೆ ಬಿದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ನೊರೆಗೆ ಬೆಂಕಿಯೂ ಹೊತ್ತಿತು. ನೀರಿಗೆ ಬೆಂಕಿ ಬೀಳುವುದನ್ನು ಕರ್ನಾಟಕದ ಜನ ಕಣ್ಣಾರೆ ಕಂಡರು.

ಬೆಳ್ಳಂದೂರಿಗೂ ನಂಜನಗೂಡು ಸೀಮೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ನೀರಿನದೇ. ವಯನಾಡಿನಲ್ಲಿ ಹುಟ್ಟಿದ ಕಪಿಲೆ ನಂಜನಗೂಡಿನ ಸ್ನಾನಘಟ್ಟವನ್ನು ಸವರಿಕೊಂಡು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕೂಡುನೀರನ್ನೇ ಶಿವನಸಮುದ್ರದ ಸಮೀಪ ಎತ್ತಿ, ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳಿಸಿ, ಬೆಂಗಳೂರಿನ ಕೊಳಾಯಿಗಳಿಗೆ ಒಯ್ಯಲಾಗುತ್ತದೆ. ಹೊಳೆಯ ದಂಡೆಯ ಊರುಗಳು ಒಗೆದ ನೀರು, ಶುದ್ಧೀಕರಣದ ತರುವಾಯ, ಅಲ್ಲಿ ನೆಲೆಸಿರುವ ಅದೇ ಊರುಗಳ ಮಕ್ಕಳ ಲೋಟಕ್ಕೆ ಬೀಳುತ್ತಿದೆ. ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರು ಸೇರಿದವರು ಎಷ್ಟು ಮಂದಿಯೋ!

ಈ ವಿಷಯವು ಸರ್ಕಾರದ ಗಮನಕ್ಕೂ ಬಂದಿದೆ. 2025ರ ಮಾರ್ಚ್ ತಿಂಗಳಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆಯವರು, ತೀರ್ಥಕ್ಷೇತ್ರಗಳ ನದಿ ಕೆರೆಗಳಿಂದ 500 ಮೀಟರ್ ಒಳಗೆ ಸಾಬೂನು, ಶಾಂಪೂ ಮಾರಾಟವನ್ನು ನಿಲ್ಲಿಸುವಂತೆಯೂ, ಭಕ್ತರು ಉಟ್ಟ ಬಟ್ಟೆಯನ್ನು ನೀರಿನಲ್ಲಿ ಬಿಡದಂತೆ ತಡೆಯುವಂತೆಯೂ ಅಧಿಕಾರಿಗಳಿಗೆ ಸೂಚನೆಯಿತ್ತರು. ಸೂಚನೆ ಸ್ವಾಗತಾರ್ಹವೇ ಸರಿ. ಆದರೆ ಸ್ನಾನಘಟ್ಟದಲ್ಲಿ ಹರಿದ ಶಾಂಪೂ ಪೊಟ್ಟಣ ಕಣ್ಣಿಗೆ ಬೀಳುತ್ತದೆ. ದಿನವೂ ಸಾವಿರಾರು ಬಚ್ಚಲುಗಳಿಂದ ಸದ್ದಿಲ್ಲದೆ ಹರಿಯುವುದು ಬೀಳುವುದಿಲ್ಲ. ಅಲ್ಲಿಗೆ ಯಾವ ಸಚಿವರ ಸೂಚನೆಯೂ ತಲುಪದು.

ಇದಕ್ಕೆ ಪರಿಹಾರವಾಗಿ ಪಟ್ಟಣದ ಅಂಗಡಿಗಳಲ್ಲಿ ಎಲೆಯ ಚಿತ್ರ ಹೊತ್ತ ಹಸಿರು ಶೀಶೆಗಳು ಸಾಲುಗಟ್ಟಿವೆ. ಅವುಗಳಲ್ಲಿ ಒಳ್ಳೆಯವೂ ಇರಬಹುದು. ಆದರೆ ಎಲೆಯ ಚಿತ್ರಕ್ಕೆ ಯಾವ ಪರೀಕ್ಷೆಯೂ ಇಲ್ಲ, ಬೆಲೆಯೋ ದುಪ್ಪಟ್ಟು. ಕೇಂದ್ರ ಸರ್ಕಾರವು 1991ರಲ್ಲಿ ಪರಿಸರಕ್ಕೆ ಹಿತವಾದ ವಸ್ತುಗಳಿಗೆ ‘ಇಕೋಮಾರ್ಕ್’ ಎಂಬ ಮುದ್ರೆಯನ್ನು ಗೊತ್ತುಮಾಡಿತು. ಸಾಬೂನು ಮಾರ್ಜಕಗಳು ಮೊದಲ ಪಟ್ಟಿಯಲ್ಲಿಯೇ ಇದ್ದುವು. ಆ ಮುದ್ರೆಯ ಚಿತ್ರ ಒಂದು ಮಣ್ಣಿನ ಮಡಕೆ. ಅದನ್ನು ಪಡೆಯಲು ಮುಂದೆ ಬಂದ ತಯಾರಕರು ಬೆರಳೆಣಿಕೆಯಷ್ಟಾದುದರಿಂದ ಮಡಕೆ ಅಂಗಡಿಯ ಕಪಾಟಿನಲ್ಲಿ ಕಾಣಿಸಲೇ ಇಲ್ಲ. 2024ರಲ್ಲಿ ಹೊಸ ನಿಯಮಗಳು ಹೊರಟಿವೆ. ನೋಡಬೇಕು.

ವಾಸ್ತವವಾಗಿ ಬದಲಾಗಬೇಕಾದುದು ಶೀಶೆಯಲ್ಲ, ಶುಚಿಯ ಕಲ್ಪನೆ. ನೊರೆ ಹೆಚ್ಚಾದಷ್ಟೂ ಕೊಳೆ ಹೆಚ್ಚು ಹೋಗುತ್ತದೆಂಬುದು ಭ್ರಮೆ. ಬಳಸುವವರು ನೊರೆಯನ್ನು ನಿರೀಕ್ಷಿಸುತ್ತಾರೆಂದು ತಯಾರಕರು ನೊರೆಯನ್ನು ಒದಗಿಸುತ್ತಾರೆ. ಅಗತ್ಯ ಮೀರಿ ಹಾಕಿದ ಪುಡಿ ಬಟ್ಟೆಯನ್ನು ಇನ್ನಷ್ಟು ಶುಚಿಗೊಳಿಸದೆ ನೇರವಾಗಿ ಚರಂಡಿಗೆ ಇಳಿಯುತ್ತದೆ. ಮಲ್ಲಿಗೆಯ ಪರಿಮಳಕ್ಕೂ ಶುಚಿಗೂ ನಂಟಿಲ್ಲ. ಎಲ್ಲಕ್ಕಿಂತ ದೊಡ್ಡ ಭ್ರಮೆ ಬಿಳುಪಿನದು. ಪುಡಿಯಲ್ಲಿ ಬೆರೆಸಿದ ಹೊಳಪಿನ ಬಣ್ಣವೊಂದು ನೂಲಿಗೆ ಅಂಟಿಕೊಂಡು, ಬಿಸಿಲಿನ ಕಣ್ಣಿಗೆ ಕಾಣದ ಕಿರಣಗಳನ್ನು ನೀಲಿ ಬೆಳಕಾಗಿ ಹೊರಸೂಸುವುದರಿಂದ ಬಟ್ಟೆ ಬೆಳ್ಳಗೆ ಕಂಗೊಳಿಸುತ್ತದೆ. ಅದು ಕೊಳೆ ಹೋದ ಗುರುತಲ್ಲ. ಹತ್ತಿಯ ಸಹಜ ಬಣ್ಣ ಬದನವಾಳಿನಂತಹ ಕೇಂದ್ರಗಳಲ್ಲಿ ಚಲುವೆ ಮಾಡದೆ ಬಿಟ್ಟ ಖಾದಿಯ ಬಣ್ಣ: ಕೆನೆಯ ಹಾಗೆ ತುಸು ಹಳದಿ ಬೆರೆತುದು.

ಈ ಬಿಳುಪಿನ ಅಳತೆಗೋಲನ್ನು ಮಕ್ಕಳಿಗೆ ಕಲಿಸುವುದು ಮನೆಗಿಂತ ಹೆಚ್ಚಾಗಿ ಶಾಲೆ. ಪ್ರಾರ್ಥನೆಯ ಸಾಲಿನಲ್ಲಿ ಅಂಗಿ ಮಾಸಿದ ಹುಡುಗನನ್ನು ಹೊರಗೆ ನಿಲ್ಲಿಸುವ ದೈಹಿಕ ಶಿಕ್ಷಕರು ಕೊಳಕು ಅಂಗಿಯನ್ನೂ, ಒಗೆದಿದ್ದರೂ ಹಳದಿಗೆ ತಿರುಗಿದ ಅಂಗಿಯನ್ನೂ ಬೇರ್ಪಡಿಸಿ ನೋಡುವುದು ಅಪರೂಪ. ಆ ಒಂದು ಗದರಿಕೆಗೆ ಅಂಜಿ ಬಡತಾಯಿಯೊಬ್ಬಳು ಎರಡು ಪೊಟ್ಟಣ ಪುಡಿಯನ್ನೂ ನೀಲಿಯನ್ನೂ ಕೊಳ್ಳುತ್ತಾಳೆ. ಆದುದರಿಂದ ಪರಿಸರದ ಮೇಲೆ ಪ್ರಬಂಧ ಸ್ಪರ್ಧೆ ಏರ್ಪಡಿಸುವ ಮೊದಲು, ಒಗೆದ ಅಂಗಿ ಸಾಕು, ಹೊಳೆಯುವ ಅಂಗಿ ಬೇಡವೆಂದು ಶಾಲೆಗಳು ಸಾರುವುದು ಹೆಚ್ಚು ಫಲಕಾರಿ. ಅದಕ್ಕೆ ಕಾಸಿನ ಖರ್ಚಿಲ್ಲ.

ಎರಡನೆಯ ಕೆಲಸ ಪ್ರಸಾದ ನಿಲಯಗಳದು. ಒಂದು ಸಂಸಾರ ವರ್ಷವಿಡೀ ಬಳಸುವಷ್ಟು ಮಾರ್ಜಕ ನೂರಾರು ಮಕ್ಕಳುಣ್ಣುವ ಅಡುಗೆಮನೆಯಲ್ಲಿ ಕೆಲವೇ ದಿನಗಳಲ್ಲಿ ಖರ್ಚಾಗುತ್ತದೆ. ಆದ್ದರಿಂದ ಅಲ್ಲಿ ಮಾಡಿದ ಸಣ್ಣ ಬದಲಾವಣೆಯೂ ದೊಡ್ಡದು. ಸೌದೆಯ ಒಲೆ ಉಳಿದಿರುವೆಡೆ ಸೋಸಿದ ಬೂದಿ ಮುಸುರೆ ಹಂಡೆಗಳಿಗೆ ಈಗಲೂ ಸಾಕು. ಚಿತ್ರಾನ್ನದ ದಿನ ಗುಡ್ಡೆ ಬೀಳುವ ನಿಂಬೆಯ ಸಿಪ್ಪೆಯನ್ನು ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು ಸೇರಿಸಿ ಪ್ಲಾಸ್ಟಿಕ್ ಡಬ್ಬದಲ್ಲಿ ಮೂರು ತಿಂಗಳು ಹುದುಗಿಸಿಟ್ಟರೆ ನೆಲ ಒರೆಸಲು, ಉಪ್ಪುಗಟ್ಟಿದ ನಲ್ಲಿ ತಿಕ್ಕಲು ಒದಗುವ ಹುಳಿನೀರು ಸಿದ್ಧವಾಗುತ್ತದೆ. ಮೊದಲ ತಿಂಗಳು ಮುಚ್ಚಳವನ್ನು ಆಗಾಗ ಸಡಿಲಿಸದಿದ್ದರೆ ಅನಿಲ ತುಂಬಿ ಡಬ್ಬ ಸಿಡಿದೀತು. ಈ ನೀರು ರೋಗಾಣುಗಳನ್ನೆಲ್ಲ ಕೊಲ್ಲುತ್ತದೆಂದು ಕೆಲವರು ಪ್ರಚಾರ ಮಾಡುವುದುಂಟು; ನಂಬಬಾರದು. ಕಾಯಿಲೆಯವರ ಕೋಣೆಗೆ, ಶೌಚಾಲಯಕ್ಕೆ ಬ್ಲೀಚಿಂಗ್ ಪುಡಿ ಬೇಕಾಗುತ್ತದೆ. ಆದರೆ ಆಮ್ಲ ಸುರಿದ ಶೌಚಾಲಯಕ್ಕೆ ಬ್ಲೀಚಿಂಗ್ ಪುಡಿಯನ್ನು ಎಂದೂ ಬೆರೆಸಬಾರದು. ಎರಡೂ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಬೀಳುತ್ತದೆ. ಮುಚ್ಚಿದ ಕೋಣೆಯಲ್ಲಿ ಬಗ್ಗಿ ಉಜ್ಜುವ ಕೆಲಸಗಾರರಿಗೆ ಈ ಒಂದು ವಿಷಯವನ್ನು ತಿಳಿಸದೆ ಎರಡು ಡಬ್ಬಗಳನ್ನೂ ಕೈಗಿಡುವುದು ಅಕ್ಷಮ್ಯ.

ಅಂಟುವಾಳ, ಸೀಗೆಗಳನ್ನು ದೂರದಿಂದ ತರಿಸಬೇಕಾಗಿಯೂ ಇಲ್ಲ. ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಗಳ ಜೊತೆಗೆ ಇವನ್ನೂ ಸಂಗ್ರಹಿಸಿ ತಮ್ಮ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರುತ್ತ ಬಂದವರು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಅವರ ಈ ಜೀವನೋಪಾಯಕ್ಕೆ ತಡೆ ಬಿದ್ದಿತ್ತು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ 2011ರಲ್ಲಿ ಅಲ್ಲಿಯ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹಕ್ಕು ದೊರೆತ ಮೇಲೆ ಬೇಕಾದುದು ಕೊಳ್ಳುವವರು. ಹತ್ತಿಪ್ಪತ್ತು ಪ್ರಸಾದ ನಿಲಯಗಳು ಸೇರಿ ವರ್ಷಕ್ಕೆ ಇಷ್ಟೆಂದು ಮುಂಗಡ ಹೇಳಿ ಕೊಂಡರೆ ಅದು ಸೋಲಿಗರಿಗೆ ನಿಶ್ಚಿತ ಆದಾಯ. ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿದ ನೀರು ಗಡಸು ನೀರಿನಲ್ಲಿಯೂ ಕೆಲಸ ಕೊಡುತ್ತದೆ. ಎಣ್ಣೆಯ ಕಲೆಗೆ, ಕೆಸರು ಮೆತ್ತಿದ ಚಡ್ಡಿಗೆ ಅದು ಸಾಲದು. ಅಲ್ಲಿ ಸಾಬೂನು ಇರಲಿ. ಈ ನೊರೆಯೂ ಮೀನಿಗೆ ಹಿತವಲ್ಲವಾದ್ದರಿಂದ ನೇರವಾಗಿ ಹೊಳೆಗೆ ಬಿಡುವುದು ತಪ್ಪು. ಆದರೆ ಮಣ್ಣಿಗೆ ಬಿಟ್ಟರೆ ಬೇಗನೆ ಕೊಳೆತುಹೋಗುತ್ತದೆ.

ಉಳಿದುದು ಬಚ್ಚಲ ನೀರನ್ನು ಮಣ್ಣಿಗೆ ಬಿಡುವ ಏರ್ಪಾಡು. ಜಲ್ಲಿ ಮರಳು ತುಂಬಿದ ಒಂದು ಇಂಗುಗುಂಡಿ, ಅದರ ಸುತ್ತ ಬಾಳೆ, ಕಾಬಾಳೆ. ಬಟ್ಟೆಯ ಪುಡಿಯ ಸೋಡಾ ಮಿಕ್ಕಿದ ನೀರು ವರ್ಷಾನುಗಟ್ಟಲೆ ಬಿದ್ದರೆ ಮಣ್ಣು ಸವಳಾಗುವುದರಿಂದ, ಗುಂಡಿ ತೋಡಿದ ಕಡೆ ಪುಡಿಯನ್ನು ಕಡಿಮೆ ಮಾಡಲೇಬೇಕಾಗುತ್ತದೆ. ಬಾಳೆಯೇ ಅದರ ಲೆಕ್ಕಪರಿಶೋಧಕ. ಎಲೆಯ ಅಂಚು ಸುಟ್ಟಂತಾದರೆ ನಿಲಯಪಾಲಕರು ದಾಸ್ತಾನಿನ ಪುಸ್ತಕವನ್ನು ತೆರೆದು ನೋಡಬಹುದು. ಇದರ ವೆಚ್ಚ ಒಂದು ಸ್ವಾಗತ ಕಮಾನಿನ ಬಣ್ಣದ ಖರ್ಚಿಗಿಂತ ಹೆಚ್ಚಲ್ಲ. ಕೊಠಡಿಗಳನ್ನೂ ಸಭಾಭವನಗಳನ್ನೂ ಉದಾರವಾಗಿ ಕಟ್ಟಿಸಿಕೊಟ್ಟ ದಾನಿಗಳಲ್ಲಿ ಯಾರಾದರೂ ಒಬ್ಬರು ಬರುವ ವರ್ಷ ಪ್ರಸಾದ ನಿಲಯದ ಹಿಂಬದಿಗೆ, ಹಂಡೆ ತೊಳೆಯುವ ಕಟ್ಟೆಯ ಬಳಿಗೆ ಬಂದು ನಿಂತು, ನೀರು ಯಾವ ಕಡೆ ಇಳಿಜಾರಾಗಿದೆಯೆಂದು ನೋಡಿ ಹೇಳಿದರೆ, ಗುಂಡಿಯ ಜಾಗವನ್ನು ಅಂದೇ ಗುರುತು ಹಾಕಬಹುದು.