ಮಲ್ಪೆಯ ಮಾಮ ಮತ್ತು ನನ್ನ ಶಾರ್ಕ್ ಪಾಠ

ಅಭ್ಯಾಸ ಬೋಧನೆಯ ಮೂರನೆಯ ವಾರ. ಸಿಂಧನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ ತೆಗೆದುಕೊಂಡಿದ್ದೆ. ಪುಸ್ತಕದಲ್ಲಿ ಕಾಡಿದೆ, ಹುಲಿಯಿದೆ. ಹೊಸದೇನಾದರೂ ಇರಲಿ ಎಂದು ನಾನು ಶಾರ್ಕ್ ಸೇರಿಸಿದೆ. 1970ರಿಂದೀಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳು ಶೇ. 71ರಷ್ಟು ಕಡಿಮೆಯಾಗಿವೆ ಎಂದು ಚಾರ್ಟಿನಲ್ಲಿ ಕೆಂಪಕ್ಷರದಲ್ಲಿ ಬರೆದಿದ್ದೆ. ಅದರ ಕೆಳಗೆ: ಕಾರಣ, ಮೀನುಗಾರರ ಅತಿಯಾಸೆ.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಸರ್ರೀ, ನಮ್ಮ ಮಾಮ ಮಲ್ಪೆದಾಗ ಬೋಟಿನ ಮ್ಯಾಲೆ ದುಡಿತಾನ. ಅವ ತಪ್ಪು ಮಾಡಾಕತ್ತಾನೇನ್ರೀ?"

ನನ್ನಲ್ಲಿ ಉತ್ತರವಿರಲಿಲ್ಲ. "ಆಮೇಲೆ ಹೇಳ್ತೀನಿ, ಕೂಡು" ಎಂದು ಆಹಾರ ಸರಪಳಿಗೆ ಹೋದೆ. ಅಂದಿನ ವೀಕ್ಷಣಾ ಪುಸ್ತಕದಲ್ಲಿ 'ವಿಷಯ ಜ್ಞಾನ ಉತ್ತಮ' ಎಂಬ ಷರಾ ಸಿಕ್ಕಿತು. ಅದನ್ನು ಓದಿದಾಗಲೆಲ್ಲ ನಾಚಿಕೆಯಾಗುತ್ತದೆ.

ಸಮುದ್ರದ ಪಾಠ ನಮ್ಮ ಕಡೆಯ ಮಕ್ಕಳಿಗೆ ದೂರದ್ದು ಎಂದು ನಾವು ಪ್ರಶಿಕ್ಷಣಾರ್ಥಿಗಳು ಸುಲಭವಾಗಿ ಹೇಳಿಬಿಡುತ್ತೇವೆ. ದೂರವೇನಿಲ್ಲ. ಒಂದು, ನಮ್ಮ ಊರುಗಳ ಜನ ದುಡಿಯಲು ಬೆಂಗಳೂರಿಗಷ್ಟೇ ಅಲ್ಲ, ಕರಾವಳಿಗೂ ಹೋಗುತ್ತಾರೆ. ಇನ್ನೊಂದು, ನೀರು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರಿನ ಭತ್ತದ ಗದ್ದೆಗೆ ಬಂದ ನೀರು ಯೂರಿಯಾ ತೊಳೆದುಕೊಂಡು ಹಳ್ಳ ಸೇರಿ ಮತ್ತೆ ಹೊಳೆಗೆ ಹೋಗುತ್ತದೆ. ಲಿಂಗಸುಗೂರಿನ ಉತ್ತರಕ್ಕೆ ಕೃಷ್ಣೆ. ಎರಡೂ ನದಿ ಸಂಗಮೇಶ್ವರದಲ್ಲಿ ಕೂಡಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತವೆ. ನಡುವೆ ಶ್ರೀಶೈಲ, ನಾಗಾರ್ಜುನ ಸಾಗರ ಅಣೆಕಟ್ಟುಗಳು ಒಂದಷ್ಟನ್ನು ತಡೆಯುತ್ತವೆ, ಎಲ್ಲವನ್ನೂ ಅಲ್ಲ. ನಮ್ಮ ಜನ ದುಡಿಯುವುದು ಪಡುವಣ ಕಡಲಿನಲ್ಲಿ, ನಮ್ಮ ಗೊಬ್ಬರ ಸೇರುವುದು ಮೂಡಣ ಕಡಲಿಗೆ. ನಕಾಶೆ ಬಿಡಿಸಿ ಇಷ್ಟು ತೋರಿಸಿದರೂ ಒಂದು ಪೀರಿಯಡ್ ಸಾಲದು.

ಇನ್ನು ಮಾಮನ ವಿಷಯ. ಬಂಗುಡೆ ಸಾವಿರಾರು ಮೊಟ್ಟೆ ಇಡುತ್ತದೆ, ಬೇಗ ಬಲಿಯುತ್ತದೆ. ಬಹಳಷ್ಟು ಶಾರ್ಕ್‌ಗಳು ತಡವಾಗಿ ಬಲಿತು ಕೆಲವೇ ಮರಿ ಹಾಕುತ್ತವೆ. ಎರಡನ್ನೂ ಒಂದೇ ಬಲೆ ಎಳೆದರೆ ಮೊದಲು ಮುಗಿಯುವುದು ಯಾವುದೆಂದು ಎಂಟನೆಯ ತರಗತಿಯ ಮಗು ಲೆಕ್ಕ ಹಾಕಬಲ್ಲದು. ಬಲೆಯ ಕಣ್ಣು ಎಷ್ಟಿರಬೇಕೆಂದು ಕೂಲಿಗೆ ಹೋದವನು ತೀರ್ಮಾನಿಸುವುದಿಲ್ಲ. ಅವನನ್ನು ಅತಿಯಾಸೆಯವನೆಂದು ಬರೆದದ್ದು ನನ್ನ ತಪ್ಪು, ವಿಜ್ಞಾನದ್ದಲ್ಲ.

ಸರ್ಕಾರವೂ ಒಮ್ಮೆ ಹೀಗೆ ಎಡವಿದೆ. 2001ರ ಜುಲೈಯಲ್ಲಿ ಎಲ್ಲ ಶಾರ್ಕ್, ತೊರಕೆಗಳ ಬೇಟೆಯನ್ನೂ ನಿಷೇಧಿಸಿತು. ಮೀನುಗಾರರು ವಿರೋಧಿಸಿದ ಮೇಲೆ ಅದೇ ಡಿಸೆಂಬರಿನಲ್ಲಿ ಪಟ್ಟಿಯನ್ನು ಹತ್ತು ಪ್ರಭೇದಗಳಿಗೆ ಇಳಿಸಿತು. ಗುಜರಾತಿನ ವೆರಾವಲ್ ಕಡೆ ನಡೆದದ್ದು ಬೇರೆ. ಅಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗೂ ಮಾಂಸಕ್ಕೂ ಕೊಲ್ಲುತ್ತಿದ್ದರು. ಕಾನೂನು ಬಂದರೂ ಮನಸ್ಸು ಬದಲಾದದ್ದು 2004ರ ಆಂದೋಲನದಿಂದ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಕಥಾವಾಚಕ ಮೊರಾರಿ ಬಾಪು ಅವರನ್ನು ಕರೆತಂದರು. ಈ ಮೀನು ಬಾಣಂತನಕ್ಕೆ ತವರಿಗೆ ಬರುವ ಮಗಳು ಎಂದು ಅವರು ಹೇಳಿದರು. 'ವ್ಹಾಲಿ' ಎಂದು ಹೆಸರಾಯಿತು, ಅಂದರೆ ಮುದ್ದಿನವಳು. ಬಲೆಗೆ ಬಿದ್ದರೆ ಮೀನುಗಾರರೇ ಬಲೆ ಕತ್ತರಿಸಿ ಬಿಡತೊಡಗಿದರು, ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. ಹೀಗೆ ನೂರಾರು ಮೀನುಗಳು ಕಡಲಿಗೆ ಮರಳಿವೆ. ಪರಿಹಾರದ ಮಾತನ್ನು ಬಿಟ್ಟು ಮಗಳ ಕಥೆ ಮಾತ್ರ ಹೇಳುವವರಿದ್ದಾರೆ. ಅದು ಅರ್ಧ ಪಾಠ.

ಕಥೆ ನಮ್ಮಲ್ಲೂ ಇದೆ. ಮಸ್ಕಿಯ ಬಂಡೆಯಲ್ಲಿ ಹೆಸರು ಕೆತ್ತಿಸಿಕೊಂಡ ಅಶೋಕ, ಉತ್ತರದ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ 'ಮೂಳೆಯಿಲ್ಲದ ಮೀನು' ಎಂದಿದೆ. ಅದು ಶಾರ್ಕ್ ಎಂದು ನಾನು ಹೇಳುತ್ತಿಲ್ಲ. ಆದರೆ ಶಾರ್ಕಿನದು ಮೂಳೆಯಲ್ಲ, ಮೃದ್ವಸ್ಥಿ ಎಂದು ಕಲಿಸಲು ಮಸ್ಕಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ತೋಚಿಲ್ಲ.

ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಇನ್ನೊಂದು ಪೀರಿಯಡ್ ಪಡೆದೆ. ಚಾರ್ಟಿನ ಕೊನೆಯ ಸಾಲಿನ ಮೇಲೆ ಬಿಳಿ ಹಾಳೆ ಅಂಟಿಸಿದೆ. ಮಾಮನಿಗೆ ಫೋನ್ ಮಾಡಿ ಬಲೆಗೆ ಏನೇನು ಬರುತ್ತದೆ ಎಂದು ಕೇಳಿಕೊಂಡು ಬಾ ಎಂದು ಆ ಹುಡುಗಿಗೆ ಹೇಳಿದ್ದೆ. ಅವಳು ಎದುರು ನಿಂತು ಓದಿದಳು: ಸಣ್ಣ ಶಾರ್ಕ್ ಬರುತ್ತವೆ, ಮೇಲೆತ್ತುವಷ್ಟರಲ್ಲಿ ಬಹಳಷ್ಟು ಸತ್ತಿರುತ್ತವೆ, ಯಾವುದನ್ನು ಬಿಡಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ಮಕ್ಕಳು ಸೇರಿ ತಿಮಿಂಗಿಲ ಶಾರ್ಕ್, ಗರಗಸ ಮೀನುಗಳ ಚಿತ್ರ ಬಿಡಿಸಿದರು. ಅವಳು ಅಣ್ಣನ ಫೋನಿನಿಂದ ಫೋಟೋ ಕಳಿಸಿದ್ದಾಳೆ. ಮಾಮನ ಉತ್ತರ ಇನ್ನೂ ಬಂದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ನಿಂತಾಗ ಊರಿಗೆ ಬರುತ್ತಾನಂತೆ. ಅಷ್ಟರಲ್ಲಿ ನನ್ನ ಅಭ್ಯಾಸ ಬೋಧನೆ ಮುಗಿದಿರುತ್ತದೆ. ಫೋನ್ ನಂಬರ್ ಮಾತ್ರ ಅವಳ ನೋಟ್‌ಬುಕ್ಕಿನಲ್ಲಿ ಬರೆದು ಬಂದಿದ್ದೇನೆ.