ನಿಂತ ಪುಟಾಣಿ ರೈಲು ಮತ್ತೆ ಓಡಬೇಕಾದರೆ

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಜವಾಹರ್ ಬಾಲಭವನದ ಪುಟಾಣಿ ರೈಲು ರಾಜ್ಯದ ಹಲವು ತಲೆಮಾರುಗಳಿಗೆ ಪರಿಚಿತ. ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರುಗಳಿಂದ ರಾಜಧಾನಿ ನೋಡಲು ಬರುವ ಮಕ್ಕಳಿಗೆ ವಿಧಾನಸೌಧದಷ್ಟೇ ಅದೂ ಆಕರ್ಷಣೆ. ಕೋವಿಡ್ ನಿರ್ಬಂಧಗಳಿದ್ದ 2020ರಲ್ಲಿ ಅದರ ಗಾಲಿಗಳು ಸ್ತಬ್ಧವಾಗಿದ್ದವು. ಇಂಥ ಹಳೆಯ ಆಟವೊಂದು ನಿಂತಾಗಲೆಲ್ಲ ಯಂತ್ರ ಹಳತಾಯಿತೆಂಬ ಮಾತು ಕೇಳಿಬರುವುದು ಸಹಜ. ಆದರೆ ಅದು ಮತ್ತೆ ಓಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಯಂತ್ರದ ವಯಸ್ಸಿಗಿಂತ ಹೆಚ್ಚಾಗಿ ಎರಡು ಸಂಗತಿಗಳು: ನೆಲ ಯಾರದು, ಹೊಣೆ ಯಾರದು.

ದೆಹಲಿಯ ಅಪ್ಪು ಘರ್ ಇದಕ್ಕೆ ಕಣ್ಣೆದುರಿನ ನಿದರ್ಶನ. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿಯ ಹೆಸರಿನಲ್ಲಿ 1984ರಲ್ಲಿ ಪ್ರಗತಿ ಮೈದಾನದಲ್ಲಿ ತೆರೆದ ಈ ಮನೋರಂಜನಾ ಉದ್ಯಾನ 2008ರಲ್ಲಿ ಮುಚ್ಚಿತು. ಜನ ಬಾರದೆ ಅದು ಸೊರಗಿದ್ದಲ್ಲ. ನಿಂತಿದ್ದ ನೆಲ ಬೇರೆ ಉದ್ದೇಶಗಳಿಗೆ ಬೇಕಾಗಿತ್ತು. ಮುಂದೆ ಗುರುಗ್ರಾಮದಲ್ಲಿ ಅದೇ ಹೆಸರಿನ ಉದ್ಯಾನ ತಲೆಯೆತ್ತಿತಾದರೂ, ದೆಹಲಿಯ ನಡುವೆ ಕೈಗೆಟುಕುವಂತಿದ್ದ ಆ ತಾಣ ಮರಳಲಿಲ್ಲ.

ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಇದಕ್ಕೆ ವಿರುದ್ಧವಾದುದು ಸಂಭವಿಸಿತು. 1927ರಲ್ಲಿ ಆರಂಭವಾದ ಅಲ್ಲಿನ 'ಸೈಕ್ಲೋನ್' ಎಂಬ ಮರದ ಹಳಿಯ ರೋಲರ್ ಕೋಸ್ಟರ್ 1970ರ ದಶಕದ ಆರಂಭದಲ್ಲಿ ನೆಲಸಮವಾಗುವ ಅಂಚಿಗೆ ಬಂದಿತ್ತು. ಪಕ್ಕದ ಮತ್ಸ್ಯಾಲಯದ ವಿಸ್ತರಣೆಗೆ ಆ ಜಾಗ ಬಳಸುವ ಆಲೋಚನೆಯಿತ್ತು. ಅದನ್ನು ಉಳಿಸಬೇಕೆಂದು ಜನ ದನಿಯೆತ್ತಿದರು. ಒಡೆತನ ನಗರಾಡಳಿತದ ಕೈಯಲ್ಲಿಯೇ ಉಳಿಯಿತು. ದುರಸ್ತಿ ಮಾಡಿ ನಡೆಸುವ ಹೊಣೆ ಗುತ್ತಿಗೆದಾರ ಸಂಸ್ಥೆಗೆ ಹೋಯಿತು. 1975ರಲ್ಲಿ ಸೈಕ್ಲೋನ್ ಮತ್ತೆ ಓಡಿತು. 1988ರಲ್ಲಿ ನಗರದ ಸಂರಕ್ಷಿತ ಸ್ಮಾರಕಗಳ ಪಟ್ಟಿಗೂ 1991ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೂ ಸೇರಿತು. ನಿಂತ ಆಟಕ್ಕೆ ಮರುಜೀವ ಕೊಟ್ಟದ್ದು ಕೇವಲ ಹಳೆಯ ನೆನಪಿನ ಮೋಹವಲ್ಲ, ಸ್ಪಷ್ಟವಾದ ಒಡೆತನ ಮತ್ತು ಲಿಖಿತ ಹೊಣೆಗಾರಿಕೆ ಎಂಬುದು ಗಮನಾರ್ಹ.

ಹಾಗೆಂದು ಗುತ್ತಿಗೆ ಕೊಟ್ಟ ಮಾತ್ರಕ್ಕೆ ಆಡಳಿತದ ಕರ್ತವ್ಯ ಮುಗಿಯದು. ಅಹಮದಾಬಾದಿನ ಕಾಂಕರಿಯಾ ಕೆರೆಯ ದಂಡೆಯಲ್ಲಿ 2019ರ ಜುಲೈನಲ್ಲಿ ಲೋಲಕದಂತೆ ತೂಗುವ ಆಟವೊಂದು ಮುರಿದುಬಿದ್ದು ಇಬ್ಬರು ಪ್ರಾಣ ತೆತ್ತರು. ಅಲ್ಲಿಯೂ ನೆಲ ಸಾರ್ವಜನಿಕರದು, ನಡೆಸುವವರು ಖಾಸಗಿಯವರು. ತಪಾಸಣೆ ಇಲ್ಲದ ಮರುಚಾಲನೆ ಮುಚ್ಚುವುದಕ್ಕಿಂತ ಅಪಾಯಕಾರಿ.

ಕಬ್ಬನ್ ಉದ್ಯಾನದ ಮಟ್ಟಿಗೆ ನಾವು ದೆಹಲಿಗಿಂತ ಭಾಗ್ಯವಂತರು. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಅಲ್ಲಿನ ನೆಲ ಪರಭಾರೆಯಾಗದಂತೆ ಕಾಯುತ್ತದೆ. ಆದರೆ ಆ ಕಾಯ್ದೆ ಕಾಯುವುದು ಮಣ್ಣು ಮರಗಳನ್ನು. ಹಳಿ, ಎಂಜಿನ್, ಬ್ರೇಕುಗಳನ್ನಲ್ಲ. ಉದ್ಯಾನ ತೋಟಗಾರಿಕೆ ಇಲಾಖೆಯದು, ಬಾಲಭವನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ವ್ಯಾಪ್ತಿಯದು. ಎರಡು ಇಲಾಖೆಗಳ ನಡುವೆ ಪುಟಾಣಿ ರೈಲು ಅನಾಥವಾಗಬಾರದು.

ಆದ್ದರಿಂದ ಇಂಥ ಪ್ರತಿಯೊಂದು ಆಟಕ್ಕೂ ವಾರ್ಷಿಕ ನಿರ್ವಹಣೆಯ ಹಣ ಆಯವ್ಯಯದಲ್ಲಿ ಪ್ರತ್ಯೇಕವಾಗಿ ನಿಗದಿಯಾಗಬೇಕು. ಸ್ವತಂತ್ರ ತಂತ್ರಜ್ಞರ ತಪಾಸಣಾ ಪತ್ರವನ್ನು ಟಿಕೆಟ್ ಕಿಟಕಿಯ ಬಳಿಯೇ ತೂಗುಹಾಕಬೇಕು. ನಿಲ್ಲಿಸಿದರೆ ಕಾರಣವನ್ನೂ ಮರುಚಾಲನೆಯ ಗಡುವನ್ನೂ ಪ್ರಕಟಿಸಬೇಕು. ದುಬಾರಿ ಮನೋರಂಜನಾ ಉದ್ಯಾನಗಳ ಟಿಕೆಟ್ ಕೊಳ್ಳಬಲ್ಲವರಿಗೆ ಬೇರೆ ದಾರಿಗಳಿವೆ. ಆ ಶಕ್ತಿಯಿಲ್ಲದ ಕುಟುಂಬಗಳ ಮಕ್ಕಳಿಗೆ ಸರ್ಕಾರಿ ಉದ್ಯಾನದ ಈ ಪುಟ್ಟ ರೈಲೇ ಗತಿ. ಅದನ್ನು ಸುರಕ್ಷಿತವಾಗಿ ಓಡಿಸುವುದು ಸರ್ಕಾರದ ಔದಾರ್ಯವಲ್ಲ, ಕರ್ತವ್ಯ.